ಕನಸಿನೊಳಗಿನ ಎಚ್ಚರ: ಕೇಳಲೇಬೇಕಾದ ಕೆಲವು ಮಾತುಕತೆಗಳು

ಪ್ರಶ್ನೆ: ಕೆಲವು ವರ್ಷಗಳಿಂದ ಧ್ಯಾನ ಮಾಡುತ್ತಿದ್ದೇನೆ. ಈಚೆಗೆ ಒಂದೆರಡು ಬಾರಿ ಕನಸಿನ ನಡುವೆಯೇ ‘ಇದು ಕನಸು’ ಎಂದು ಗೊತ್ತಾಯಿತು, ಆಮೇಲೂ ಕನಸು ಮುಂದುವರಿಯಿತು. ಇದನ್ನು ಲ್ಯೂಸಿಡ್ ಡ್ರೀಮಿಂಗ್ ಎನ್ನುತ್ತಾರೆಂದು ತಿಳಿದು ಪಾಡ್‌ಕಾಸ್ಟ್‌ಗಳನ್ನು ಹುಡುಕಿದರೆ ನೂರಾರು ಸಿಗುತ್ತವೆ, ಯಾವುದನ್ನು ನಂಬಬೇಕೆಂದು ತೋಚುತ್ತಿಲ್ಲ. ಲ್ಯೂಸಿಡ್ ಡ್ರೀಮಿಂಗ್, ಧ್ಯಾನ ಮತ್ತು ಪ್ರಜ್ಞೆಯ ಬಗ್ಗೆ ನಿಮಗೆ ಮೆಚ್ಚುಗೆಯಾದ ಮಾತುಕತೆಗಳನ್ನು ಸೂಚಿಸುವಿರಾ?

ಉತ್ತರ: ನೀವು ಕೇಳಿರುವ ಮೂರೂ ವಿಷಯಗಳು ಒಂದು ಜಾಗದಲ್ಲಿ ಸಂಧಿಸುತ್ತವೆ. ಧ್ಯಾನಕ್ಕೆ ಕುಳಿತಾಗ ಮನಸ್ಸು ಉಸಿರನ್ನು ಬಿಟ್ಟು ಎಲ್ಲಿಗೋ ಹೋಗಿರುತ್ತದೆ. ಸ್ವಲ್ಪ ಹೊತ್ತಿನ ಮೇಲೆ, ಯಾರೂ ಕರೆಯದಿದ್ದರೂ, ‘ನಾನು ಯೋಚನೆಯಲ್ಲಿ ಮುಳುಗಿದ್ದೆ’ ಎಂಬ ಅರಿವು ತಾನಾಗಿ ಬರುತ್ತದೆ. ಕನಸಿನಲ್ಲಿ ನಿಮಗಾದದ್ದೂ ಅಂಥದೇ: ದೃಶ್ಯ ಹಾಗೆಯೇ ಇದ್ದರೂ ಅದರ ಜೊತೆಗಿನ ನಿಮ್ಮ ಸಂಬಂಧ ಬದಲಾಯಿತು. ಈ ‘ಗೊತ್ತಾಗುವ ಕ್ಷಣ’ದಲ್ಲಿ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂಬ ಪ್ರಶ್ನೆಯನ್ನು ಗಂಭೀರವಾಗಿ ಕೈಗೆತ್ತಿಕೊಳ್ಳುವ ಮಾತುಕತೆಗಳನ್ನೇ ನಾನು ಆರಿಸಿದ್ದೇನೆ. ಕನಸಿನಲ್ಲಿ ಹಾರುವುದು, ಬಯಸಿದವರನ್ನು ಭೇಟಿಯಾಗುವುದು ಮುಂತಾದ ರೋಚಕ ಅನುಭವಗಳನ್ನಷ್ಟೇ ಹೇಳುವ ಜನಪ್ರಿಯ ಸಂಚಿಕೆಗಳನ್ನು ಬಿಟ್ಟಿದ್ದೇನೆ.

ಕೇಳುವ ಮೊದಲು ಒಂದಿಷ್ಟು ಹಿನ್ನೆಲೆ ನಿಮ್ಮ ಬಳಿ ಇರಬೇಕು, ಏಕೆಂದರೆ ಅದಿಲ್ಲದೆ ಅತಿಥಿಯ ಮಾತಿನಲ್ಲಿ ಪ್ರಯೋಗದಿಂದ ಬಂದದ್ದು ಯಾವುದು, ಉತ್ಸಾಹದಿಂದ ಬಂದದ್ದು ಯಾವುದು ಎಂದು ಬೇರ್ಪಡಿಸಲಾಗುವುದಿಲ್ಲ. ಕನಸುಗಳು ದಟ್ಟವಾಗಿ ಬೀಳುವ ರೆಮ್ ನಿದ್ರೆಯನ್ನು ಷಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ 1953ರಲ್ಲಿ ವರದಿ ಮಾಡಿದರು. ಆ ಹಂತದಲ್ಲಿ ದೇಹದ ಸ್ನಾಯುಗಳು ಬಹುತೇಕ ನಿಶ್ಚಲವಾಗಿರುತ್ತವೆ, ಕಣ್ಣುಗಳು ಮಾತ್ರ ಚಲಿಸುತ್ತಿರುತ್ತವೆ. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಈ ಸಂಗತಿಯನ್ನೇ ಬಳಸಿಕೊಂಡರು. ಕನಸು ಕಾಣುತ್ತಿರುವುದು ತಿಳಿದ ಕೂಡಲೇ ಕಣ್ಣುಗಳನ್ನು ಎಡಕ್ಕೂ ಬಲಕ್ಕೂ ನಿಗದಿಯಾದಷ್ಟು ಸಲ ಹೊರಳಿಸಬೇಕೆಂದು ಅಲನ್ ವರ್ಸ್ಲಿ ಎಂಬ ಸ್ವಯಂಸೇವಕರೊಡನೆ ಮೊದಲೇ ಒಪ್ಪಂದ ಮಾಡಿಕೊಂಡಿದ್ದರು. ಆ ಸಂಕೇತ ಯಂತ್ರದಲ್ಲಿ ದಾಖಲಾಯಿತು. ಕೆಲವೇ ವರ್ಷಗಳಲ್ಲಿ ಸ್ಟ್ಯಾನ್‌ಫರ್ಡ್‌ನ ಸ್ಟೀಫನ್ ಲಬೆರ್ಜ್ ಸ್ವತಂತ್ರವಾಗಿ ಇದನ್ನೇ ಸಾಧಿಸಿ, ಮುಂದೆ ಈ ಕ್ಷೇತ್ರಕ್ಕೆ ವಿಜ್ಞಾನದಲ್ಲಿ ಜಾಗ ದೊರಕಿಸಿಕೊಟ್ಟರು. 2021ರಲ್ಲಿ ಅಮೆರಿಕ, ಫ್ರಾನ್ಸ್, ಜರ್ಮನಿ ಮತ್ತು ನೆದರ್‌ಲ್ಯಾಂಡ್ಸ್‌ನ ನಾಲ್ಕು ಪ್ರಯೋಗಾಲಯಗಳು ಒಟ್ಟಾಗಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದವು: ಕನಸು ಕಾಣುತ್ತಿದ್ದವರಿಗೆ ಎಂಟರಲ್ಲಿ ಆರು ಕಳೆದರೆ ಎಷ್ಟು ಎಂಬಂಥ ಪ್ರಶ್ನೆ ಕೇಳಿ, ಕಣ್ಣಿನ ಚಲನೆಯ ಮೂಲಕ ಉತ್ತರ ಪಡೆದವು. 36 ಮಂದಿ ಭಾಗವಹಿಸಿದ ಈ ಅಧ್ಯಯನದಲ್ಲಿ 158 ಪ್ರಯತ್ನಗಳ ಪೈಕಿ ಸರಿಯುತ್ತರ ಬಂದದ್ದು ಶೇ 18.4ರಷ್ಟು ಸಲ, ಸುಮಾರು ಶೇ 60ರಷ್ಟು ಸಲ ಯಾವ ಉತ್ತರವೂ ಬರಲಿಲ್ಲ. ಈ ಎರಡು ಅಂಕಿಗಳನ್ನೂ ಒಟ್ಟಿಗೆ ನೆನಪಿಡಿ. ಮೊದಲನೆಯದನ್ನು ಮಾತ್ರ ಹೇಳಿ ‘ಕನಸಿನೊಡನೆ ಮಾತನಾಡಲು ಸಾಧ್ಯವಾಗಿದೆ’ ಎಂದು ಘೋಷಿಸುವ ನಿರೂಪಕರು ಬಹಳ ಮಂದಿ ಇದ್ದಾರೆ.

ಲ್ಯೂಸಿಡ್ ಡ್ರೀಮಿಂಗ್‌ಗೆ ಪ್ರವೇಶ ಬೇಕಾದವರಿಗೆ ನಾನು ಹೇಳುವುದು ‘ಹ್ಯೂಬರ್‌ಮನ್ ಲ್ಯಾಬ್’ ಸರಣಿಯಲ್ಲಿ 2024ರಲ್ಲಿ ನರವಿಜ್ಞಾನಿ ಆಂಡ್ರ್ಯೂ ಹ್ಯೂಬರ್‌ಮನ್ ಮತ್ತು ನಿದ್ರಾವಿಜ್ಞಾನಿ ಮ್ಯಾಥ್ಯೂ ವಾಕರ್ ನಡೆಸಿದ ಆರು ಭಾಗಗಳ ಸಂವಾದದ ಕೊನೆಯ ಭಾಗ. ಅದರ ವಿಷಯ ಕನಸು, ದುಃಸ್ವಪ್ನ ಮತ್ತು ಲ್ಯೂಸಿಡ್ ಡ್ರೀಮಿಂಗ್. ಒಂದು ಅನುಭವವನ್ನು ಅದು ನಡೆಯುವ ನಿದ್ರೆಯಿಂದ ಕತ್ತರಿಸಿ ನೋಡದೆ, ಇಡೀ ರಾತ್ರಿಯ ನಿದ್ರೆಯ ಭಾಗವಾಗಿ ನೋಡುವುದು ಇದರ ದೊಡ್ಡ ಗುಣ. ಸಾಧ್ಯವಾದರೆ ಹಿಂದಿನ ಭಾಗಗಳನ್ನೂ ಕೇಳಿ, ಏಕೆಂದರೆ ನಿದ್ರೆಯ ಹಂತಗಳ ಪರಿಚಯವಿಲ್ಲದೆ ಕನಸಿನ ಚರ್ಚೆ ಗಾಳಿಯಲ್ಲಿ ನಿಂತಂತಾಗುತ್ತದೆ. ದುಃಸ್ವಪ್ನದ ಚಿಕಿತ್ಸೆಯ ಭಾಗವನ್ನು ಅವಸರದಲ್ಲಿ ದಾಟಬೇಡಿ. ಪದೇ ಪದೇ ಕಾಡುವ ಕನಸಿನ ಕೊನೆಯನ್ನು ಎಚ್ಚರದಲ್ಲಿ ಬೇರೆ ರೀತಿಯಲ್ಲಿ ಬರೆದು, ಆ ಹೊಸ ರೂಪವನ್ನು ಮನಸ್ಸಿನಲ್ಲಿ ದಿನವೂ ಅಭ್ಯಾಸ ಮಾಡುವ ಚಿಕಿತ್ಸೆಯೊಂದಿದೆ. ಜಿನೀವಾದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಆ ಹೊಸ ರೂಪದ ಜೊತೆ ಒಂದು ಪಿಯಾನೋ ನಾದವನ್ನು ಬೆಸೆದು, ರೆಮ್ ನಿದ್ರೆಯಲ್ಲಿ ಅದೇ ನಾದವನ್ನು ಮೆಲ್ಲಗೆ ಕೇಳಿಸಿದಾಗ ದುಃಸ್ವಪ್ನಗಳು ಬರೀ ಚಿಕಿತ್ಸೆಯಿಂದ ಇಳಿಯುವುದಕ್ಕಿಂತ ಹೆಚ್ಚು ಪ್ರಮಾಣದಲ್ಲಿ ಇಳಿದವು. ಕನಸಿನಲ್ಲಿ ಎಚ್ಚರಗೊಳ್ಳದೆಯೂ ಕನಸನ್ನು ಬದಲಿಸಬಹುದೆಂಬುದು ಇದರಿಂದ ತಿಳಿಯುತ್ತದೆ, ಮತ್ತು ನೊಂದವರಿಗೆ ಇದು ಲ್ಯೂಸಿಡ್ ಡ್ರೀಮಿಂಗ್‌ಗಿಂತ ಹತ್ತಿರದ ದಾರಿ.

ತಂತ್ರಗಳ ವಿಷಯದಲ್ಲಿ ಯಾವ ಪಾಡ್‌ಕಾಸ್ಟ್ ಕೇಳಿದರೂ ಎರಡು ಹೆಸರುಗಳು ಬರುತ್ತವೆ. ಲಬೆರ್ಜ್ ರೂಪಿಸಿದ ‘ಮೈಲ್ಡ್’ ವಿಧಾನದಲ್ಲಿ ನಸುಕಿನಲ್ಲಿ ಎಚ್ಚರವಾದಾಗ ಆಗಷ್ಟೇ ಬಿದ್ದ ಕನಸನ್ನು ನೆನಪಿಸಿಕೊಂಡು, ‘ಮುಂದಿನ ಸಲ ಕನಸು ಕಾಣುವಾಗ ಇದು ಕನಸೆಂದು ನೆನಪಿಸಿಕೊಳ್ಳುತ್ತೇನೆ’ ಎಂದು ಸಂಕಲ್ಪಿಸುತ್ತ ಮತ್ತೆ ನಿದ್ರೆಗೆ ಜಾರಬೇಕು. ನಾಳೆ ಮಾಡಬೇಕಾದ ಕೆಲಸವನ್ನು ಮರೆಯದಿರುವ ಸಾಮಾನ್ಯ ನೆನಪಿನ ಶಕ್ತಿಯೇ ಇಲ್ಲಿ ಬಳಕೆಯಾಗುವುದು. ಇದರಲ್ಲಿ ನಿಗೂಢವಾದದ್ದೇನೂ ಇಲ್ಲ. ಎರಡನೆಯದು ಗ್ಯಾಲಂಟಮೀನ್ ಎಂಬ ಔಷಧ. 2018ರಲ್ಲಿ 121 ಮಂದಿಯ ಮೇಲೆ ನಡೆದ ಅಧ್ಯಯನದಲ್ಲಿ ಅದರ 8 ಮಿಲಿಗ್ರಾಂ ತೆಗೆದುಕೊಂಡ ರಾತ್ರಿ ಶೇ 42ರಷ್ಟು ಮಂದಿಗೂ, ಹುಸಿಮಾತ್ರೆ ತೆಗೆದುಕೊಂಡ ರಾತ್ರಿ ಶೇ 14ರಷ್ಟು ಮಂದಿಗೂ ಲ್ಯೂಸಿಡ್ ಕನಸು ಬಿತ್ತು. ಅಂಕಿ ಆಕರ್ಷಕವಾಗಿದೆ ನಿಜ, ಆದರೆ ಇದು ಅಲ್ಝೈಮರ್ಸ್ ಕಾಯಿಲೆಗೆ ಕೊಡುವ ಮದ್ದು, ಹೃದಯಬಡಿತವನ್ನು ನಿಧಾನಗೊಳಿಸಬಲ್ಲದು. ಇದನ್ನು ವಿಟಮಿನ್ ಮಾತ್ರೆಯಷ್ಟು ಹಗುರವಾಗಿ ಶಿಫಾರಸು ಮಾಡುವ ಯಾವುದೇ ಸಂಚಿಕೆಯನ್ನು ದಯವಿಟ್ಟು ಅಲ್ಲಿಗೇ ನಿಲ್ಲಿಸಿ. ಔಷಧದ ಹಂಗಿಲ್ಲದೆಯೂ ಈ ಅನುಭವ ಅಪರೂಪವೇನಲ್ಲ. ಐವತ್ತು ವರ್ಷಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿದ 2016ರ ವಿಶ್ಲೇಷಣೆಯೊಂದರ ಪ್ರಕಾರ ಶೇ 55ರಷ್ಟು ಜನ ಜೀವನದಲ್ಲಿ ಒಮ್ಮೆಯಾದರೂ ಇದನ್ನು ಕಂಡಿರುತ್ತಾರೆ, ಶೇ 23ರಷ್ಟು ಜನ ತಿಂಗಳಿಗೊಮ್ಮೆ ಅಥವಾ ಹೆಚ್ಚಾಗಿ ಕಾಣುತ್ತಾರೆ.

ಧ್ಯಾನ ಮತ್ತು ಕನಸು ಕೂಡುವ ಜಾಗಕ್ಕೆ ಬಂದರೆ, ನನಗೆ ಅತ್ಯಂತ ಪ್ರಿಯವಾದ ಸರಣಿ ‘ಮೈಂಡ್ ಅಂಡ್ ಲೈಫ್’. ದಲಾಯಿ ಲಾಮಾ, ನರವಿಜ್ಞಾನಿ ಫ್ರಾನ್ಸಿಸ್ಕೊ ವರೇಲಾ ಮತ್ತು ಆಡಮ್ ಎಂಗಲ್ 1987ರಲ್ಲಿ ಆರಂಭಿಸಿದ ಅದೇ ಹೆಸರಿನ ಸಂಸ್ಥೆಯ ಪಾಡ್‌ಕಾಸ್ಟ್ ಅದು. 1992ರಲ್ಲಿ ಧರ್ಮಶಾಲೆಯಲ್ಲಿ ಆ ಸಂಸ್ಥೆಯ ಒಂದು ಸಭೆ ನಿದ್ರೆ, ಕನಸು ಮತ್ತು ಸಾವಿನ ಕುರಿತೇ ನಡೆದಿತ್ತು. ಪಾಡ್‌ಕಾಸ್ಟ್‌ನ ನಿರೂಪಕಿ ವೆಂಡಿ ಹ್ಯಾಸನ್‌ಕ್ಯಾಂಪ್ ಸ್ವತಃ ಧ್ಯಾನದ ಸಂಶೋಧಕಿ. 2012ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಧ್ಯಾನಿಗಳು ಸ್ಕ್ಯಾನರ್‌ನೊಳಗೆ ಮಲಗಿ ಉಸಿರನ್ನು ಗಮನಿಸುತ್ತಿದ್ದರು. ಮನಸ್ಸು ಅಲೆದಾಡಿದ್ದು ಗೊತ್ತಾದ ಕೂಡಲೇ ಒಂದು ಗುಂಡಿ ಒತ್ತುತ್ತಿದ್ದರು. ಅಲೆದಾಟ, ಅದರ ಅರಿವು, ಗಮನವನ್ನು ಮರಳಿ ತರುವುದು, ನೆಲೆನಿಲ್ಲುವುದು, ಹೀಗೆ ನಾಲ್ಕು ಹಂತಗಳಲ್ಲಿ ಮಿದುಳಿನ ಬೇರೆ ಬೇರೆ ಜಾಲಗಳು ಸಕ್ರಿಯವಾಗುವುದನ್ನು ಅವರು ತೋರಿಸಿದರು. ನಾನು ಮೊದಲು ಹೇಳಿದ ‘ಗೊತ್ತಾಗುವ ಕ್ಷಣ’ವನ್ನು ಹೀಗೆ ಪ್ರಯೋಗಕ್ಕೆ ಒಡ್ಡಿದವರು ಪ್ರಶ್ನೆ ಕೇಳುವಾಗ, ಅತಿಥಿಗಳು ದೊಡ್ಡ ಮಾತುಗಳ ಹಿಂದೆ ಅಡಗಿಕೊಳ್ಳಲಾಗುವುದಿಲ್ಲ.

ಈ ಸರಣಿಯಲ್ಲಿ ತತ್ತ್ವಶಾಸ್ತ್ರಜ್ಞ ಇವಾನ್ ಥಾಂಪ್ಸನ್ ಅವರೊಡನೆ ನಡೆದ ಮಾತುಕತೆಯನ್ನು ವಿಶೇಷವಾಗಿ ಸೂಚಿಸುತ್ತೇನೆ. ಥಾಂಪ್ಸನ್ ಬೌದ್ಧ ಚಿಂತನೆಯನ್ನು ಪ್ರೀತಿಯಿಂದ ಓದಿದವರು, ಜೊತೆಗೆ ‘ಧ್ಯಾನವೆಂದರೆ ಮಿದುಳಿನ ವ್ಯಾಯಾಮ’ ಎಂಬ ಸರಳೀಕರಣವನ್ನು ಬಲವಾಗಿ ಪ್ರಶ್ನಿಸಿದವರು. ಎಚ್ಚರ, ಕನಸು ಮತ್ತು ಗಾಢನಿದ್ರೆಯಲ್ಲಿ ‘ನಾನು’ ಎಂಬುದು ಹೇಗೆ ರೂಪ ಬದಲಿಸುತ್ತದೆ ಎಂಬ ಅವರ ವಿಚಾರಕ್ಕೆ ಉಪನಿಷತ್ತಿನ ಚೌಕಟ್ಟೇ ಆಧಾರ. ಜಾಗ್ರತ್, ಸ್ವಪ್ನ, ಸುಷುಪ್ತಿ ಎಂಬ ಹೆಸರುಗಳನ್ನು ಬಲ್ಲ ಕನ್ನಡದ ಓದುಗರು ಅವರನ್ನು ಬೇಗ ಹಿಂಬಾಲಿಸಬಲ್ಲರು. ‘ಸುಖವಾಗಿ ಮಲಗಿದ್ದೆ, ಏನೂ ತಿಳಿಯಲಿಲ್ಲ’ ಎಂದು ಎದ್ದವರು ಹೇಳುವುದು ನೆನಪೋ, ಊಹೆಯೋ ಎಂಬ ಹಳೆಯ ವಿವಾದವನ್ನು ಅವರು ಇಂದಿನ ಪ್ರಯೋಗಾಲಯಕ್ಕೆ ತಂದಿದ್ದಾರೆ. ಅದು ನೆನಪು, ಆದ್ದರಿಂದ ಗಾಢನಿದ್ರೆಯಲ್ಲೂ ಅರಿವಿತ್ತು ಎಂದು ಅದ್ವೈತಿಗಳು ವಾದಿಸಿದರು. ಎದ್ದ ಮೇಲೆ ಮಾಡಿಕೊಂಡ ಊಹೆಯಷ್ಟೇ ಎಂದು ನ್ಯಾಯದರ್ಶನದ ಪಂಡಿತರಾದ ನೈಯಾಯಿಕರು ಹೇಳಿದರು. ಜೆನಿಫರ್ ವಿಂಟ್ ಮತ್ತು ಟೋರೆ ನೀಲ್ಸನ್ ಅವರೊಡನೆ 2016ರಲ್ಲಿ ಬರೆದ ಪ್ರಬಂಧದಲ್ಲಿ ಥಾಂಪ್ಸನ್, ಕನಸಿಲ್ಲದ ನಿದ್ರೆಯೆಂದರೆ ಪ್ರಜ್ಞೆಯೇ ಇಲ್ಲದ ಸ್ಥಿತಿ ಎಂಬ ವಿಜ್ಞಾನದ ರೂಢಿಯ ಗ್ರಹಿಕೆಯನ್ನು ಮರುಪರಿಶೀಲಿಸಬೇಕೆಂದು ವಾದಿಸಿದ್ದಾರೆ. ಇದೇ ಹಾದಿಯಲ್ಲಿ ಶಾಸ್ತ್ರೀಯವಾಗಿ ಮುಂದುವರಿಯಬೇಕೆನಿಸಿದರೆ, ನ್ಯೂಯಾರ್ಕಿನ ವೇದಾಂತ ಸೊಸೈಟಿಯ ‘ವೇದಾಂತ ಟಾಕ್ಸ್’ ಪಾಡ್‌ಕಾಸ್ಟ್‌ನಲ್ಲಿ ಸ್ವಾಮಿ ಸರ್ವಪ್ರಿಯಾನಂದರ ಉಪನ್ಯಾಸಗಳಿವೆ. ಅವು ಸಂವಾದಗಳಲ್ಲ, ಪಾಠಗಳು. ಆದರೆ ವಾದವನ್ನು ಒಂದೊಂದೇ ಹೆಜ್ಜೆಯಾಗಿ ಕಟ್ಟುವ ಸ್ಪಷ್ಟತೆ ಅಲ್ಲಿದೆ.

ಧ್ಯಾನ ಮಾಡಿದರೆ ಲ್ಯೂಸಿಡ್ ಕನಸುಗಳು ಹೆಚ್ಚುತ್ತವೆಯೇ? ನಿಮ್ಮ ಅನುಭವ ಹಾಗೆ ಸೂಚಿಸುವಂತಿದೆ. ಬೆಂಜಮಿನ್ ಬೇರ್ಡ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೀರ್ಘಕಾಲದ ಧ್ಯಾನಿಗಳಿಗೆ ಉಳಿದವರಿಗಿಂತ ಹೆಚ್ಚು ಬಾರಿ ಲ್ಯೂಸಿಡ್ ಕನಸು ಬೀಳುವುದು ಕಂಡುಬಂತು. ಆದರೆ ಎಂಟು ವಾರಗಳ ಮೈಂಡ್‌ಫುಲ್‌ನೆಸ್ ತರಬೇತಿ ಪಡೆದವರಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ. ವರ್ಷಗಟ್ಟಲೆಯ ಅಭ್ಯಾಸವೇ ಬೇಕೋ, ಅಥವಾ ಅಂಥ ಸ್ವಭಾವದವರೇ ಧ್ಯಾನಕ್ಕೆ ಒಲಿದು ಉಳಿಯುತ್ತಾರೋ ಎಂಬುದು ಈ ಒಂದು ಅಧ್ಯಯನದಿಂದ ತೀರ್ಮಾನವಾಗುವುದಿಲ್ಲ. ‘ಎಂಟು ವಾರಗಳಲ್ಲಿ ಕನಸಿನ ಒಡೆಯರಾಗಿ’ ಎಂಬ ಭರವಸೆ ಕೇಳಿದಾಗ ಇದನ್ನು ನೆನಪಿಸಿಕೊಳ್ಳಿ. ಟಿಬೆಟನ್ ಪರಂಪರೆಯ ಸ್ವಪ್ನಯೋಗದ ಕಡೆಗೆ ಒಲವಿದ್ದರೆ ಆಂಡ್ರ್ಯೂ ಹೊಲೆಚೆಕ್ ಅವರ ‘ಎಡ್ಜ್ ಆಫ್ ಮೈಂಡ್’ ಸರಣಿ ಇದೆ. ಹೊಲೆಚೆಕ್ ಸ್ವತಃ ಸಾಧಕರಾದ್ದರಿಂದ ಅಲ್ಲಿ ಅಭ್ಯಾಸದ ವಿವರಗಳು ಸಮೃದ್ಧ. ಪುನರ್ಜನ್ಮ, ಮರಣಾನಂತರದ ಸ್ಥಿತಿಗಳಂಥ ನಂಬಿಕೆಯ ವಿಷಯಗಳೂ ಪ್ರಯೋಗದ ಫಲಿತಾಂಶಗಳೂ ಒಂದೇ ಉಸಿರಿನಲ್ಲಿ ಬರಬಹುದಾದ ಕ್ಷೇತ್ರವಿದು. ಬೇರ್ಪಡಿಸಿಕೊಳ್ಳುವ ಕೆಲಸ ನಿಮ್ಮದು.

ಪ್ರಜ್ಞೆಯ ಕುರಿತು ಒಂದೇ ಒಂದು ಮಾತುಕತೆಯನ್ನು ಆರಿಸಬೇಕಾದರೆ, ನಾನು ತಡವರಿಸದೆ ಹೇಳುವುದು ಅಮೆರಿಕದ ಲೇಖಕ ಸ್ಯಾಮ್ ಹ್ಯಾರಿಸ್ ಅವರ ಸರಣಿಯಲ್ಲಿ 2017ರಲ್ಲಿ ಜರ್ಮನಿಯ ದಾರ್ಶನಿಕ ಥಾಮಸ್ ಮೆಟ್ಸಿಂಗರ್ ಅವರೊಡನೆ ನಡೆದ ಸಂಚಿಕೆ, ಸಂಖ್ಯೆ 96. ಆ ಸರಣಿಗೆ ಈಗ ‘ಮೇಕಿಂಗ್ ಸೆನ್ಸ್’ ಎಂದು ಹೆಸರು. ಜಗತ್ತಿನಲ್ಲಿ ‘ನಾನು’ ಎಂಬ ವಸ್ತುವಿಲ್ಲ, ಮಿದುಳು ಕಟ್ಟುವ ‘ನಾನು’ ಎಂಬ ಒಂದು ಮಾದರಿ ಇದೆ. ಅದು ಮಾದರಿ ಎಂಬುದು ನಮಗೆ ಕಾಣದಿರುವುದರಿಂದಲೇ ನಾವು ಅದಾಗಿಬಿಡುತ್ತೇವೆ ಎಂಬುದು ಮೆಟ್ಸಿಂಗರ್ ಅವರ ಮುಖ್ಯ ವಾದ. ಲ್ಯೂಸಿಡ್ ಕನಸು ಈ ವಾದಕ್ಕೆ ಅಸಾಧಾರಣವಾದ ಉದಾಹರಣೆ. ಅಲ್ಲಿ ಇಡೀ ಜಗತ್ತು ಮನಸ್ಸಿನ ಕಟ್ಟೋಣವೆಂದು ಕನಸಿಗನಿಗೆ ಆ ಕ್ಷಣದಲ್ಲೇ ತಿಳಿದಿರುತ್ತದೆ, ಆದರೂ ಕನಸಿನೊಳಗಿನ ದೇಹ ತನ್ನದೆಂದೇ ಅನಿಸುತ್ತಿರುತ್ತದೆ. ಅಂದರೆ ಪರದೆಯ ಒಂದು ಭಾಗ ಸರಿದಿದೆ, ಇನ್ನೊಂದು ಭಾಗ ಹಾಗೇ ಇದೆ. ಗಮನವನ್ನು ನಡೆಸುವವನು ತಾನೇ ಎಂಬ ಭಾವ ಹೇಗೆ ಹುಟ್ಟುತ್ತದೆ, ಯೋಚನೆಗಳೊಡನೆ ನಾವು ಹೇಗೆ ಬೆಸೆದುಕೊಳ್ಳುತ್ತೇವೆ ಎಂಬುದನ್ನು ಈ ಸಂಚಿಕೆಯಲ್ಲಿ ಇಬ್ಬರು ದೀರ್ಘಕಾಲದ ಧ್ಯಾನಿಗಳು ಚರ್ಚಿಸುತ್ತಾರೆ. ಯಂತ್ರಗಳಿಗೆ ಪ್ರಜ್ಞೆ ಬಂದರೆ ನೋವೂ ಬರಬಹುದಲ್ಲವೇ ಎಂಬ ಮೆಟ್ಸಿಂಗರ್ ಅವರ ನೈತಿಕ ಆತಂಕ ಅಂದಿಗಿಂತ ಇಂದು ಹೆಚ್ಚು ಪ್ರಸ್ತುತವಾಗಿದೆ. ಮುಂದೆ ಅವರು ನೂರಾರು ಧ್ಯಾನಿಗಳ ಬರಹಗಳನ್ನು ಸಂಗ್ರಹಿಸಿ, ವಸ್ತುವೂ ಇಲ್ಲದ ‘ನಾನು’ ಎಂಬುದೂ ಇಲ್ಲದ ಶುದ್ಧ ಅರಿವಿನ ಬಗ್ಗೆ 2024ರಲ್ಲಿ ಒಂದು ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಚಂದಾದಾರರಲ್ಲದವರಿಗೆ ಹ್ಯಾರಿಸ್ ಅವರ ಸಂಚಿಕೆಗಳು ನಡುವೆ ನಿಂತುಬಿಡುವುದುಂಟು. ಹಾಗಾದರೆ ಈ ಸಂವಾದವೂ ಸೇರಿದ ಆಯ್ದ ಮಾತುಕತೆಗಳು 2020ರಲ್ಲಿ ಪುಸ್ತಕವಾಗಿ ಬಂದಿರುವುದನ್ನು ನೋಡಬಹುದು.

ಹ್ಯಾರಿಸ್ ಅವರದೇ ಇನ್ನೊಂದು ಹಳೆಯ ಸಂಚಿಕೆ, 2014ರಲ್ಲಿ ವಿಪಸ್ಸನ ಗುರು ಜೋಸೆಫ್ ಗೋಲ್ಡ್‌ಸ್ಟೀನ್ ಅವರೊಡನೆ ನಡೆದದ್ದು, ಧ್ಯಾನ ಮಾಡುವ ನಿಮಗೆ ಹೆಚ್ಚು ಉಪಯೋಗವಾದೀತು. ಹಂತ ಹಂತವಾಗಿ ಪಕ್ವವಾಗುವ ದಾರಿ ಸರಿಯೋ, ಅರಿವಿನ ಸ್ವಭಾವವನ್ನು ಮೊದಲೇ ನೇರವಾಗಿ ತೋರಿಸುವ ಟಿಬೆಟನ್ ಪರಂಪರೆಯ ಜೋಗ್‌ಚೆನ್ ದಾರಿ ಸರಿಯೋ ಎಂದು ಹಳೆಯ ಸ್ನೇಹಿತರಿಬ್ಬರು ಭಿನ್ನಾಭಿಪ್ರಾಯವನ್ನು ಮುಚ್ಚಿಡದೆ ಮಾತನಾಡಿದ್ದಾರೆ. ಪರಸ್ಪರ ಹೊಗಳಿಕೆಯಲ್ಲಿ ಮುಗಿಯುವ ಹತ್ತು ಸಂದರ್ಶನಗಳಿಗಿಂತ ಇಂಥ ಒಂದು ಭಿನ್ನಾಭಿಪ್ರಾಯದಿಂದ ಕಲಿಯುವುದು ಹೆಚ್ಚು.

ಇದೇ ಕಾರಣಕ್ಕೆ ದಾರ್ಶನಿಕ ಡೇವಿಡ್ ಚಾಮರ್ಸ್ ಅವರನ್ನು ಕೇಳುವುದಾದರೆ ಶಾನ್ ಕ್ಯಾರಲ್ ಅವರ ‘ಮೈಂಡ್‌ಸ್ಕೇಪ್’ನ 2018ರ ಸಂಚಿಕೆಯಲ್ಲಿ ಕೇಳಿ. ಮಿದುಳಿನ ಕೆಲಸವನ್ನೆಲ್ಲ ವಿವರಿಸಿದ ಮೇಲೂ ಅನುಭವವೇಕೆ ಇದೆ ಎಂಬ ಪ್ರಶ್ನೆ ಉಳಿಯುತ್ತದೆ ಎನ್ನುವುದು ಚಾಮರ್ಸ್ ಅವರ ನಿಲುವು. ಭೌತವಿಜ್ಞಾನಿ ಕ್ಯಾರಲ್ ಅದನ್ನು ಒಪ್ಪುವವರಲ್ಲ. ಇದಾದ ಮೇಲೆ ನಡೆದ ಒಂದು ಸಂಗತಿ ನಿಮಗೆ ತಿಳಿದಿರಲಿ. ಪ್ರಜ್ಞೆಯ ಸ್ಪಷ್ಟವಾದ ನರಮೂಲ 25 ವರ್ಷಗಳೊಳಗೆ ಪತ್ತೆಯಾಗುತ್ತದೆಂದು ನರವಿಜ್ಞಾನಿ ಕ್ರಿಸ್ಟಾಫ್ ಕಾಕ್ 1998ರಲ್ಲಿ ಚಾಮರ್ಸ್ ಅವರೊಡನೆ ಪಂದ್ಯ ಕಟ್ಟಿದ್ದರು. 2023ರಲ್ಲಿ ಸೋಲನ್ನು ಸಾರ್ವಜನಿಕವಾಗಿ ಒಪ್ಪಿಕೊಂಡರು. ನರವಿಜ್ಞಾನಿ ಅನಿಲ್ ಸೇಠ್ ಅವರು ‘ಮೈಂಡ್‌ಸ್ಕೇಪ್’ನಲ್ಲೂ ಹ್ಯಾರಿಸ್ ಅವರ ಸರಣಿಯಲ್ಲೂ ಮಾತನಾಡಿದ್ದಾರೆ, ಯಾವುದನ್ನು ಕೇಳಿದರೂ ನಷ್ಟವಿಲ್ಲ. ಗ್ರಹಿಕೆಯೆಂದರೆ ಇಂದ್ರಿಯಗಳ ಹತೋಟಿಯಲ್ಲಿರುವ ಒಂದು ಬಗೆಯ ಭ್ರಮೆ ಎಂಬ ಅವರ ಮಾತನ್ನು ಕೇಳಿದ ಮೇಲೆ ಲಬೆರ್ಜ್, ಬೇರ್ಡ್ ಮತ್ತು ಫಿಲಿಪ್ ಜಿಂಬಾರ್ಡೊ 2018ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಯೋಚಿಸಿ ನೋಡಿ. ಎಚ್ಚರದಲ್ಲಿ ಚಲಿಸುವ ವಸ್ತುವನ್ನು ಹಿಂಬಾಲಿಸುವಾಗ ಕಣ್ಣು ನುಣುಪಾಗಿ ಸಾಗುತ್ತದೆ, ಅದನ್ನು ಬರೀ ಕಲ್ಪಿಸಿಕೊಂಡಾಗ ತುಂಡುತುಂಡಾಗಿ ಜಿಗಿಯುತ್ತದೆ. ಲ್ಯೂಸಿಡ್ ಕನಸಿನಲ್ಲಿ ಚಲಿಸುವ ಬೆರಳನ್ನು ನೋಡುತ್ತಿದ್ದವರ ಕಣ್ಣು ಎಚ್ಚರದಲ್ಲಿದ್ದಂತೆ ನುಣುಪಾಗಿಯೇ ಸಾಗಿತು. ಕನಸು ಕಲ್ಪನೆಗಿಂತ ಗ್ರಹಿಕೆಗೇ ಹತ್ತಿರ ಎಂಬುದಕ್ಕೆ ಇಷ್ಟು ಚೊಕ್ಕವಾದ ಸಾಕ್ಷ್ಯ ಇನ್ನೊಂದು ಸಿಗುವುದು ಕಷ್ಟ.

ಧ್ಯಾನದ ಪರಿಣಾಮಗಳ ಬಗ್ಗೆ ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಗೋಲ್‌ಮನ್ ಮತ್ತು ರಿಚರ್ಡ್ ಡೇವಿಡ್‌ಸನ್ ಒಟ್ಟಾಗಿ ಸ್ಯಾಮ್ ಹ್ಯಾರಿಸ್ ಅವರೊಡನೆ ಆಡಿದ ಮಾತುಗಳು ನಂಬಲರ್ಹ, ಏಕೆಂದರೆ ಈ ಕ್ಷೇತ್ರದ ದುರ್ಬಲ ಅಧ್ಯಯನಗಳನ್ನು, ತಮ್ಮ ಆರಂಭದ ದಿನಗಳ ಕೆಲಸವನ್ನೂ ಸೇರಿಸಿ, ಅವರು ಬದಿಗಿಟ್ಟು ಮಾತನಾಡುವವರು. ಆದರೆ ಇದನ್ನಷ್ಟೇ ಕೇಳಿ ನಿಲ್ಲಬೇಡಿ. ಡ್ಯಾನ್ ಹ್ಯಾರಿಸ್ ಅವರ ‘10% ಹ್ಯಾಪಿಯರ್’ ಸರಣಿಯಲ್ಲಿ ಬ್ರೌನ್ ವಿಶ್ವವಿದ್ಯಾಲಯದ ವಿಲೋಬಿ ಬ್ರಿಟನ್ ಮತ್ತು ಜರೆಡ್ ಲಿಂಡಾಲ್ ಧ್ಯಾನದ ಕಷ್ಟದ ಮುಖಗಳ ಬಗ್ಗೆ ಮಾತನಾಡಿರುವ ಸಂಚಿಕೆಯನ್ನು ಪ್ರತಿಯೊಬ್ಬ ಧ್ಯಾನಿಯೂ ದೀರ್ಘ ಶಿಬಿರಕ್ಕೆ ಹೋಗುವ ಮೊದಲು ಕೇಳಬೇಕೆಂಬುದು ನನ್ನ ಆಗ್ರಹ. ಅವರ 2017ರ ಅಧ್ಯಯನ ಭಯ, ನಿದ್ರಾನಾಶ, ತಾನು ತನ್ನಿಂದಲೇ ದೂರವಾದಂಥ ಭಾವ ಮುಂತಾದ ಅನುಭವಗಳನ್ನು ಧ್ಯಾನಿಗಳ ಮತ್ತು ಗುರುಗಳ ಮಾತುಗಳಿಂದಲೇ ದಾಖಲಿಸಿದೆ. ಇಂಥ ತೊಂದರೆ ಬಂದವರಿಗೆ ‘ಇನ್ನಷ್ಟು ಕುಳಿತುಕೊಳ್ಳಿ, ಸರಿಹೋಗುತ್ತದೆ’ ಎಂದು ಹೇಳುವುದು ಕ್ರೌರ್ಯ.

ಲ್ಯೂಸಿಡ್ ಡ್ರೀಮಿಂಗ್‌ಗೂ ಈ ಎಚ್ಚರಿಕೆ ಅನ್ವಯಿಸುತ್ತದೆ. ಬಹುತೇಕ ತಂತ್ರಗಳು ರಾತ್ರಿಯ ನಿದ್ರೆಯನ್ನು ಬೇಕೆಂದೇ ಮುರಿಯುತ್ತವೆ, ಆದ್ದರಿಂದ ದಿನವೂ ಮಾಡುವಂಥವಲ್ಲ. ಹಿಂದೆ ಸೈಕೋಸಿಸ್‌ನಂಥ ಮಾನಸಿಕ ಕಾಯಿಲೆ ಬಂದವರು, ವಾಸ್ತವ ಯಾವುದು ಕನಸು ಯಾವುದೆಂಬ ಗೊಂದಲ ಹಗಲಿನಲ್ಲೂ ಕಾಡುವವರು ಮನೋವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ನಿಮಗೆ ಪ್ರಯತ್ನಿಸದೆಯೇ ಅನುಭವ ಬರುತ್ತಿದೆ. ಎದ್ದ ಕೂಡಲೇ ಕನಸನ್ನು ಬರೆದಿಡುವುದನ್ನು ಬಿಟ್ಟು ಬೇರೇನನ್ನೂ ಸದ್ಯಕ್ಕೆ ಸೇರಿಸಬೇಡಿ.

ಕೇಳುವ ಕ್ರಮದ ಬಗ್ಗೆ ಹೇಳುವುದಾದರೆ, ವಾಕರ್ ಅವರ ಸಂಚಿಕೆಯನ್ನು ಮೊದಲು ಕೇಳಿ, ಆಮೇಲೆ ಬ್ರಿಟನ್ ಮತ್ತು ಲಿಂಡಾಲ್, ಅನಂತರ ಥಾಂಪ್ಸನ್. ಮೆಟ್ಸಿಂಗರ್ ಅವರನ್ನು ಕೊನೆಗೆ ಇಟ್ಟುಕೊಂಡು ಎರಡು ಬಾರಿ ಕೇಳಿ, ಒಮ್ಮೆ ನಡೆಯುತ್ತಲೋ ಪ್ರಯಾಣಿಸುತ್ತಲೋ, ಇನ್ನೊಮ್ಮೆ ಕಾಗದ ಮತ್ತು ಪೆನ್ನು ಹಿಡಿದು ಕುಳಿತು. ಇಂಗ್ಲಿಷ್ ಉಚ್ಚಾರಣೆ ತೊಡಕಾದರೆ ಕ್ಯಾರಲ್ ಅವರ ಸರಣಿಯ ಪೂರ್ಣ ಲಿಖಿತ ರೂಪ ಉಚಿತವಾಗಿ ಸಿಗುತ್ತದೆ. ಚಾಮರ್ಸ್ ಅವರ ವಾದಗಳನ್ನು ಓದುತ್ತ ಕೇಳಿದರೆ ಅರ್ಧ ಕಷ್ಟ ಕಡಿಮೆಯಾಗುತ್ತದೆ.